ಅಡ್ಡ ಕೊಯ್ದ ಕಲ್ಲು

ಮರದ ಡಬ್ಬಿಯಲ್ಲಿ ಇಪ್ಪತ್ತೆರಡು ಗಾಜುಗಳಿದ್ದವು. ಇಪ್ಪತ್ತಮೂರನೆಯದು ಗೌತಮಿಯ ಕೈಚೀಲದಲ್ಲಿ, ಕರವಸ್ತ್ರದೊಳಗೆ, ಬಾಚಣಿಗೆಗೂ ರೈಲಿನ ಟಿಕೆಟ್ಟಿಗೂ ನಡುವೆ ಇತ್ತು. ಡಬ್ಬಿಯನ್ನು ತೊಡೆಯ ಮೇಲೆ, ಕೈಚೀಲವನ್ನು ಡಬ್ಬಿಯ ಮೇಲೆ ಇಟ್ಟುಕೊಂಡು ಅವಳು ಕಿಟಕಿಯ ಪಕ್ಕ ಕೂತಿದ್ದಳು. ವಡೋದರಾದ ರೈಲು ಕಾಲುಪುರ ಸ್ಟೇಷನ್ ಬಿಟ್ಟು ಮಣಿನಗರ ದಾಟುವಷ್ಟರಲ್ಲಿ ಮೂರು ಸಲ ಕೈಚೀಲ ಮುಟ್ಟಿ ನೋಡಿಕೊಂಡಳು. ಎದುರಿನ ಸೀಟಿನಲ್ಲಿದ್ದ ಮಾವ ಅದನ್ನು ಗಮನಿಸಲಿಲ್ಲ. ಅವರು ಹೊಸ ಶರ್ಟು ಹಾಕಿದ್ದರು, ಮಡಿಕೆಯ ಗೆರೆ ಇನ್ನೂ ಎದೆಯ ಮೇಲೆ ನಿಂತಿತ್ತು. ಪೊಟ್ಟಣದಿಂದ ಹುರಿದ ಸಿಂಗ್ ತೆಗೆದು ಒಂದೊಂದೇ ಕಡಲೆಕಾಯಿಯ ಸಿಪ್ಪೆ ಉಜ್ಜಿ ಊದಿ, ಎರಡು ತಾವು ತಿಂದು ಎರಡನ್ನು ಅವಳ ಕೈಗೆ ಹಾಕುತ್ತಿದ್ದರು. ಅರವತ್ತಾರು ವರ್ಷದ ಮಾವ ಹೀಗೆ ಮಕ್ಕಳ ಹಾಗೆ ಕಾಲು ಕುಣಿಸುತ್ತ ಕೂತಿದ್ದನ್ನು ಅವಳು ಈ ಮೂರು ವರ್ಷದಲ್ಲಿ ನೋಡಿರಲಿಲ್ಲ. ಹಾಗೆ ಕೂತಿದ್ದಕ್ಕೆ ಕಾರಣ ತಾನೇ ಮಾಡಿದ ತಪ್ಪು ಎಂಬುದು ಅವರು ಕೊಟ್ಟ ಪ್ರತಿಯೊಂದು ಬೀಜದ ಜೊತೆ ಅವಳಿಗೆ ನೆನಪಾಗಿ, ಬೀಜ ಅಂಗೈಯಲ್ಲೇ ಉಳಿಯುತ್ತಿತ್ತು.

ವಟ್ವಾ ಬಂತು. ರೈಲು ಅಲ್ಲಿ ನಿಲ್ಲುವುದಿಲ್ಲ, ಆದರೂ ಅವಳು ಕತ್ತು ಚಾಚಿ ಕಾರ್ಖಾನೆಗಳ ಸಾಲಿನ ಹಿಂದೆ ತಮ್ಮ ಶೆಡ್ಡಿನ ತಗಡು ಕಾಣುತ್ತದೆಯೇ ಎಂದು ನೋಡಿದಳು. ಕಾಣಲಿಲ್ಲ. ಮಾವ, ಎಂದರೆ ಅವಳ ಸೋದರತ್ತೆಯ ಗಂಡ ವೆಂಕಟಾಚಲ, ಕೇಂದ್ರ ಸರ್ಕಾರದ ಕಚೇರಿಯಲ್ಲಿ ಮೂವತ್ತು ವರ್ಷ ಕಲ್ಲುಗಳನ್ನು ಪರೀಕ್ಷಿಸಿ ನಿವೃತ್ತರಾದ ಮೇಲೆ ಬಣ್ಣದ ಕಾರ್ಖಾನೆಯೊಂದರ ಹಿಂದೆ ಆ ಶೆಡ್ಡನ್ನು ಬಾಡಿಗೆಗೆ ಹಿಡಿದಿದ್ದರು. ಹಿಂದಿನ ಗಟಾರದಲ್ಲಿ ಒಂದು ದಿನ ನೇರಳೆ ನೀರು, ಒಂದು ದಿನ ಹಳದಿ. ಇವರ ಗರಗಸದಿಂದ ಹೋಗುವ ನೀರು ಮಾತ್ರ ಎಲ್ಲ ದಿನವೂ ಬೂದಿಯ ಬಣ್ಣ. ಕಾಲೇಜುಗಳವರು, ಗಣಿಯವರು ಕಲ್ಲು ಕಳಿಸುತ್ತಾರೆ. ಕಲ್ಲಿನಿಂದ ಬಿಸ್ಕತ್ತಿನಷ್ಟು ದಪ್ಪದ ಒಂದು ಬಿಲ್ಲೆ ಕೊಯ್ದು, ಅದರ ಒಂದು ಮುಖ ನುಣುಪು ಮಾಡಿ, ಬಿಸಿ ತಟ್ಟೆಯ ಮೇಲೆ ಅಂಟು ಹಾಕಿ ಗಾಜಿಗೆ ಕೂರಿಸಿ, ಆಮೇಲೆ ಇನ್ನೊಂದು ಮುಖವನ್ನು ಕಬ್ಬಿಣದ ತಟ್ಟೆಯ ಮೇಲೆ ಪುಡಿ ಹಾಕಿ ಉಜ್ಜುತ್ತ ಉಜ್ಜುತ್ತ ತಲೆಗೂದಲಿನ ಅರ್ಧದಷ್ಟು ತೆಳ್ಳಗೆ ಮಾಡಬೇಕು. ಆಗ ಕಲ್ಲಿನೊಳಗೆ ಬೆಳಕು ಹಾಯುತ್ತದೆ. ಆ ಕೆಲಸ ಗೌತಮಿಯದು. ಮೊದಲ ತಿಂಗಳು ಹನ್ನೊಂದು ಗಾಜು ಹಾಳು ಮಾಡಿದ್ದಳು. ಬೆಣಚುಕಲ್ಲಿನ ಚೂರು ಸೂಕ್ಷ್ಮದರ್ಶಕದಲ್ಲಿ ಹಳದಿ ಕಂಡರೆ ಇನ್ನೂ ದಪ್ಪ ಇದೆ ಎಂದು, ಹಾಲಿಗೆ ಹೊಗೆ ಸೇರಿಸಿದಂಥ ಬೂದು ಕಂಡರೆ ಕೈ ನಿಲ್ಲಿಸಬೇಕು ಎಂದು ಮಾವ ಹೇಳಿಕೊಟ್ಟರು. ಇನ್ನೆರಡು ಉಜ್ಜು ಉಜ್ಜಿದರೆ ಕಲ್ಲೇ ಇರುವುದಿಲ್ಲ, ಗಾಜು ಮಾತ್ರ. ಈಗ ಅವಳಿಗೆ ನೋಡುವುದೂ ಬೇಡ, ಬೆರಳ ತುದಿಗೆ ಗೊತ್ತಾಗುತ್ತದೆ.

ಒಂಬತ್ತನೆಯ ತರಗತಿಯ ಅರ್ಧಕ್ಕೆ ಶಾಲೆ ಬಿಟ್ಟವಳಿಗೆ ಕಲ್ಲುಗಳ ಇಂಗ್ಲಿಷ್ ಹೆಸರು ನಾಲಿಗೆಗೆ ಹತ್ತುತ್ತಿರಲಿಲ್ಲ. ಅದಕ್ಕೇ ಅವಳೇ ಹೆಸರಿಟ್ಟುಕೊಂಡಿದ್ದಳು. ಗ್ರಾನೈಟಿನಲ್ಲಿ ಎಲ್ಲಕ್ಕಿಂತ ಹೆಚ್ಚು ಇರುವುದು ಫೆಲ್ಡ್‌ಸ್ಪಾರ್. ತಿಳಿ ಗುಲಾಬಿ, ಬಿಳಿ, ಒಡೆದರೆ ಪಿಂಗಾಣಿಯ ಹಾಗೆ ಹೊಳೆಯುವ ಮುಖ. ಅದು ಭೂಮಿಯ ಆಳದಲ್ಲಿ ಬಿಸಿಗೂ ಒತ್ತಡಕ್ಕೂ ಸಿಕ್ಕಾಗ ಕರಗದೆ ಬದಲಾಗುತ್ತದೆ. ಕೆಲವು ಹರಳುಗಳ ಒಳಗೆ ಸೀರೆಯ ಚೌಕಳಿಯಂತೆ ಅಡ್ಡ ಗೆರೆ ಉದ್ದ ಗೆರೆ ಮೂಡುತ್ತವೆ, ಅದಕ್ಕೆ ಅವಳು ಚೌಕಳಿ ಎಂದಳು. ಕೆಲವಕ್ಕೆ ನೀರು ಸೋಕಿ ಮೈಯೆಲ್ಲ ಮಸುಕಾಗುತ್ತದೆ, ಅದು ಹಿಟ್ಟು ಹಿಡಿದದ್ದು. ಎರಡು ಹರಳು ತಾಗುವ ಕಡೆ ಸಣ್ಣ ಸಣ್ಣ ಹುಳುವಿನಂತೆ ಬೆಣಚು ಬೆಳೆದಿರುತ್ತದೆ, ಅದು ಶಾವಿಗೆ. ಇನ್ನೂ ಜಗ್ಗಿದರೆ ಹರಳಿನ ಅಂಚು ಸಕ್ಕರೆಯಂತೆ ನುಚ್ಚಾಗಿ, ಆ ನುಚ್ಚು ಮತ್ತೆ ಹೊಸ ಹರಳುಗಳಾಗಿ, ಜಗ್ಗಿದ ದಿಕ್ಕಿಗೆ ಎರಡೂ ಕಡೆ ಹರಿದು ನಿಲ್ಲುತ್ತದೆ, ಅದು ಬಾಲ. ಒಂದು ದಿನ ಮಾವ ಫೋನಿನಲ್ಲಿ ಯಾವುದೋ ಪ್ರೊಫೆಸರರ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡುತ್ತ ನಡುವೆ "ಶಾವಿಗೆ" ಎಂದುಬಿಟ್ಟರು. ಆಮೇಲೆ ಅವಳ ಕಡೆ ನೋಡಿ, ನಾಲಿಗೆ ಕಚ್ಚಿಕೊಂಡು ಕಣ್ಣು ಮಿಟುಕಿಸಿದರು. ಆ ಸಂಜೆ ಅವಳು ವಸ್ತ್ರಾಪುರದ ಕೆರೆಯನ್ನು ಒಬ್ಬಳೇ ಎರಡು ಸುತ್ತು ಹೆಚ್ಚಿಗೆ ಸುತ್ತಿದ್ದಳು.

ಈ ಡಬ್ಬಿಯ ಹದಿನಾಲ್ಕನೆಯ ಗಾಜಿನ ಕಲ್ಲನ್ನು ಕೊಯ್ದ ದಿನ ಕಾಲೇಜಿನ ಹುಡುಗ ಹುಡುಗಿಯರು ಶೆಡ್ಡು ನೋಡಲು ಬಂದಿದ್ದರು. ಮಾವ ಉತ್ಸಾಹದಿಂದ, ಕೊಯ್ಯುವುದು ಹೇಗೆಂದು ಗೌತಮಿಯೇ ಹೇಳುತ್ತಾಳೆ ಎಂದು ಅವಳನ್ನು ಮುಂದಕ್ಕೆ ಕರೆದರು. ಹದಿನೈದು ಜೊತೆ ಕಣ್ಣು. ಅವಳ ಹಿಂದಿ ತೀರಾ ಕೆಟ್ಟದ್ದೇನಲ್ಲ, ತರಕಾರಿಯವನ ಹತ್ತಿರ ಜಗಳವೇ ಆಡುತ್ತಾಳೆ. ಆದರೆ ಆಗ ಒಂದು ಮಾತೂ ಹೊರಗೆ ಬರಲಿಲ್ಲ. ಕೈಯಲ್ಲಿದ್ದ ಕಲ್ಲನ್ನು ತಿರುಗಿಸಿದಳು, ಮತ್ತೆ ತಿರುಗಿಸಿದಳು. ಮುಂದೆ ನಿಂತಿದ್ದ ಹುಡುಗಿ ಪಕ್ಕದವಳಿಗೆ, "ಆಂಟಿ ಕೋ ನಹೀಂ ಪತಾ, ಚಲೋ," ಎಂದಳು, ಆಂಟಿಗೆ ಗೊತ್ತಿಲ್ಲ, ನಡಿ ಅಂತ. ಕೆಟ್ಟ ಮನಸ್ಸಿನಿಂದಲ್ಲ, ಪಾಪ, ಬಿಸಿಲು ಜೋರಿತ್ತು. ಗೌತಮಿಗೆ ಇಪ್ಪತ್ತಮೂರು ವರ್ಷ, ಆ ಹುಡುಗಿಗೆ ಇಪ್ಪತ್ತೊಂದಿರಬಹುದು. ಅವರು ಹೋದ ಮೇಲೆ ಅವಳು ಗರಗಸದ ಮುಂದೆ ನಿಂತು ನೀರು ಬಿಟ್ಟು, ಕೈಯಲ್ಲಿದ್ದ ಕಲ್ಲನ್ನು ಹಾಗೇ ಅದರ ಬಾಯಿಗೆ ಕೊಟ್ಟಳು. ಒಂಬತ್ತನೆಯ ತರಗತಿಯಲ್ಲಿ ಮೇಷ್ಟ್ರು ಒಮ್ಮೆ ಸಮಾಜ ಪಾಠ ಗಟ್ಟಿಯಾಗಿ ಓದಲು ಅವಳನ್ನು ಎದ್ದು ನಿಲ್ಲಿಸಿದ್ದು ನೆನಪಾಯಿತು. ಅಕ್ಷರಗಳೆಲ್ಲ ಕಾಣುತ್ತಿದ್ದವು, ದನಿ ಬರಲಿಲ್ಲ. ಹುಡುಗರು ಮೊದಲು ಸುಮ್ಮನಿದ್ದರು, ಆಮೇಲೆ ಒಬ್ಬ ಕೆಮ್ಮಿದ, ಆಮೇಲೆ ಸುಮಾರು ಜನ ಕೆಮ್ಮಿ ನಕ್ಕರು. ಮೇಷ್ಟ್ರು ಪುಸ್ತಕದಿಂದ ತಲೆ ಎತ್ತದೆ "ಕೂತ್ಕೋ" ಎಂದರು. ಅಷ್ಟೇ. ಮಾರನೆಯ ದಿನ ಅವಳು ಹೋಗಲಿಲ್ಲ. ಅದರ ಮಾರನೆಯ ದಿನವೂ ಹೋಗಲಿಲ್ಲ. ಯಾಕೆ ಬರಲಿಲ್ಲ ಎಂದು ಕೇಳಲು ಯಾರೂ ಬರಲಿಲ್ಲ. ಗರಗಸ ಕಲ್ಲನ್ನು ದಾಟಿ ಆಚೆ ಬಂದಿತ್ತು. ಕಲ್ಲಿನ ಮೇಲೆ ಮಾವ ಬರೆದಿದ್ದ ಕೆಂಪು ಬಾಣದ ಗುರುತನ್ನು ಅವಳು ನೋಡಿರಲೇ ಇಲ್ಲ.

"ಯಾಕೆ ಮರಿ, ತಿನ್ನು. ಹಲ್ಲು ನೋವಾ?"

"ಇಲ್ಲ ಮಾವ."

"ಮತ್ತೆ ಮುಖ ಯಾಕೆ ಹೀಗೆ ಮಾಡ್ಕೊಂಡಿದ್ದೀಯ? ಸೋಲೋಕೆ ಹೋಗ್ತಿರೋನು ನಾನು. ನಾನೇ ಆರಾಮಾಗಿದ್ದೀನಿ."

ಅವಳು ನಕ್ಕಳು. ನಗದಿದ್ದರೆ ಅವರು ಇನ್ನೂ ಕೇಳುತ್ತಿದ್ದರು.

ಸೋಲು ಎಂದರೆ ಇದು. ಉತ್ತರ ಗುಜರಾತಿನ ಗುಡ್ಡಗಳ ನಡುವೆ ಒಂದು ಹಳ್ಳ. ಹಳ್ಳದ ಮೇಲಿನ ತುದಿಯಲ್ಲಿ ಗ್ರಾನೈಟು, ಗುಲಾಬಿ ಹರಳುಗಳು ಹೆಂಚು ಜೋಡಿಸಿದ ಹಾಗೆ ನೆಟ್ಟಗೆ ನಿಂತಿರುತ್ತವೆ. ಮೂರು ಕಿಲೋಮೀಟರು ಕೆಳಗೆ ಅದೇ ಹರಳುಗಳು ಕಣ್ಣಿನ ಆಕಾರಕ್ಕೆ ಬಂದು, ಉದ್ದುದ್ದ ಬಾಲ ಬಿಟ್ಟು, ಕಲ್ಲು ಪಟ್ಟೆ ಪಟ್ಟೆಯಾಗಿದೆ. ನಡುವೆ ಹೊಲ, ಕಲ್ಲು ಕಾಣುವುದಿಲ್ಲ. ಗ್ರಾನೈಟು ಸ್ವಲ್ಪ ಸ್ವಲ್ಪವಾಗಿ ಬದಲಾಗುತ್ತ ಪಟ್ಟೆಯ ಕಲ್ಲಾಗಿದೆ, ಹೊಲದ ಕೆಳಗೆ ಅರ್ಧ ಬದಲಾದ ಕಲ್ಲು ಇದ್ದೇ ಇರಬೇಕು ಎಂದು ಮಾವ. ಇಲ್ಲ, ಅವು ಎರಡು ಬೇರೆ ಬೇರೆ ಕಲ್ಲು, ಎಲ್ಲಿಂದಲೋ ಜಾರಿ ಬಂದು ಪಕ್ಕ ಪಕ್ಕ ಕೂತಿವೆ, ಹೊಲದ ಕೆಳಗೆ ಏನೂ ಆಗದ ಗ್ರಾನೈಟೇ ಇರುತ್ತದೆ ಎಂದು ವಡೋದರಾದ ಪಾಂಡುರಂಗರಾವ್. ಇಬ್ಬರೂ ಒಂದು ಕಾಲದಲ್ಲಿ ಒಂದೇ ಡೇರೆಯಲ್ಲಿ ಮಲಗಿ ಆ ಗುಡ್ಡಗಳನ್ನು ಅಲೆದವರು. ಕಳೆದ ಚಳಿಗಾಲ ಆ ಹೊಲದಲ್ಲಿ ಬಾವಿ ತೋಡಿದರೆಂದು ತಿಳಿದು ಮಾವ ಮಂಡಿನೋವು ಕಟ್ಟಿಕೊಂಡು ಹೋಗಿ, ಬಾವಿಯ ತಳದಿಂದ ಮುಷ್ಟಿಗಿಂತ ಸ್ವಲ್ಪ ದೊಡ್ಡದಾದ ಒಂದು ಕಲ್ಲು ತಂದರು. ಅದೇ ಹದಿನಾಲ್ಕು, ಹಳ್ಳದ ಉದ್ದಕ್ಕೂ ಕಲ್ಲುಗಳಿಗೆ ನಂಬರು ಹಾಕಿದಾಗ ಇಬ್ಬರೂ ಖಾಲಿ ಬಿಟ್ಟಿದ್ದ ನಂಬರು. ಗಾಜು ನೋಡಿದ ದಿನ ಅವರು ಊಟ ಮಾಡಲಿಲ್ಲ. "ಒಳಗೆ ಚೌಕಳಿ ಬಂದಿದೆ, ಹೊರಗೆ ಬಾಲ ಬಂದಿಲ್ಲ. ಇದು ಹ್ಯಾಗೆ?" ಎಂದು ಎರಡು ದಿನ ಗೊಣಗಿದರು. ಹರಳುಗಳೆಲ್ಲ ದುಂಡಗೆ, ಎಲ್ಲಿಗೂ ಜಗ್ಗದೆ ಇದ್ದವು. ಮೂರನೆಯ ದಿನ ಬೆಳಿಗ್ಗೆ ಸ್ನಾನ ಮಾಡಿ ಬಂದು, ಕಲ್ಲು ಹೊರಗಿನಿಂದ ಏನು ಬೇಕಾದರೂ ಹೇಳಬಹುದು, ಗಾಜು ಹೇಳುವುದೇ ನಿಜ ಎಂದು ತಮಗೆ ತಾವೇ ಹೇಳಿಕೊಂಡು, ಫೋನು ತೆಗೆದುಕೊಂಡರು.

ಹತ್ತೊಂಬತ್ತು ವರ್ಷದಿಂದ ಮಾಡದ ನಂಬರು. ಯಾರನ್ನೋ ಕೇಳಿ ತರಿಸಿಕೊಂಡಿದ್ದರು. "ಪಾಂಡೂ, ನಾನು ಕಣೋ. ವೆಂಕಟಾಚಲ. ಹದಿನಾಲ್ಕು ಬಂತು. ನೀನೇ ಸರಿ." ಆ ಕಡೆ ಏನು ಅಂದರೋ, ಮಾವ ಒಮ್ಮೆಗೇ ನಕ್ಕರು, ಹೊಟ್ಟೆಯಿಂದ ಬರುವ ನಗು, ಸುಲೋಚನತ್ತೆ ಹಿಟ್ಟಿನ ಕೈಯಲ್ಲೇ ಅಡಿಗೆಮನೆಯಿಂದ ಹೊರಗೆ ಬಂದು ನಿಂತರು. ಅತ್ತೆಯ ಕಣ್ಣಲ್ಲಿ ನೀರಿತ್ತು. ಅತ್ತೆ ಆಮೇಲೆ ಒಳಗೆ ಗೌತಮಿಗೆ ಹೇಳಿದರು: ಹತ್ತೊಂಬತ್ತು ವರ್ಷದ ಕೆಳಗೆ ವಡೋದರಾದ ಸಭೆಯಲ್ಲಿ, ಪಾಂಡುರಂಗನ ವಿದ್ಯಾರ್ಥಿಗಳ ಎದುರಿಗೇ, "ಇವರು ಕಲ್ಲು ನೋಡಿ ಬರೆಯೋದಿಲ್ಲ, ಬರೆದ ಮೇಲೆ ಕಲ್ಲು ಹುಡುಕ್ತಾರೆ" ಅಂದುಬಿಟ್ಟರಂತೆ ನಿಮ್ಮ ಮಾವ. ನಾಲ್ಕು ಜನ ನಕ್ಕರಂತೆ. ಪಾಂಡುರಂಗ ಕಾಗದ ಜೋಡಿಸಿಕೊಂಡು ಎದ್ದು ಹೋದರಂತೆ. "ಆ ಮಾತು ಇವರನ್ನ ತಿಂದಷ್ಟು ಅವರನ್ನೂ ತಿಂದಿಲ್ಲ ಕಣೇ. ಈಗ ಹ್ಯಾಗೋ ಒಂದು ದಾರಿ ಸಿಕ್ತು," ಎಂದು ಅತ್ತೆ ಒಲೆಯ ಉರಿ ತಗ್ಗಿಸಿದರು.

ಅದೇ ಮಧ್ಯಾಹ್ನ ಶೆಡ್ಡಿನಲ್ಲಿ ಗೌತಮಿ ಹದಿನಾಲ್ಕರ ಉಳಿದ ತುಂಡನ್ನು ಟ್ರೇಯಿಂದ ಎತ್ತಿದಳು. ಒಳಗೆ ಚೌಕಳಿ, ಹೊರಗೆ ಬಾಲ ಇಲ್ಲ ಎಂಬ ಮಾತು ಅವಳನ್ನೂ ಬಿಟ್ಟಿರಲಿಲ್ಲ. ತೊಳೆದು ಬೆಳಕಿಗೆ ಹಿಡಿದಾಗ ಬಾಣದ ಅರ್ಧ ಇನ್ನೂ ಅಲ್ಲಿತ್ತು, ಕೆಂಪಗೆ. ಬಾಣದ ಉದ್ದಕ್ಕೆ ಕೊಯ್ಯಬೇಕಿತ್ತು. ಕೊಯ್ದ ಮುಖ ಬಾಣಕ್ಕೆ ಅಡ್ಡವಾಗಿತ್ತು. ಈ ಕಲ್ಲಿನಲ್ಲಿ ಹರಳುಗಳು ಪೆನ್ಸಿಲಿನ ಹಾಗೆ ಒಂದೇ ದಿಕ್ಕಿಗೆ ಚಾಚಿಕೊಂಡಿದ್ದವು. ಪೆನ್ಸಿಲನ್ನು ಅಡ್ಡ ಕೊಯ್ದರೆ ದುಂಡಗೇ ಕಾಣುತ್ತದೆ, ಅದು ಎಷ್ಟು ಉದ್ದ ಎಂದು ಯಾವ ಜಾಣನಿಗೂ ಗೊತ್ತಾಗುವುದಿಲ್ಲ. ಅವಳು ಗರಗಸದ ಪಕ್ಕ ಇಟ್ಟಿಗೆಯ ಮೇಲೆ ಕೂತುಬಿಟ್ಟಳು. ಗಟಾರದಲ್ಲಿ ಆ ದಿನ ನೇರಳೆ. ಆಮೇಲೆ ಎದ್ದು, ಮಾವ ಇಲ್ಲದ ಹೊತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಹೊಸ ಗಾಜು ಮಾಡತೊಡಗಿದಳು, ಬಾಣದ ಉದ್ದಕ್ಕೆ. ನಿನ್ನೆ ಮಧ್ಯಾಹ್ನ ಅದು ಮುಗಿಯಿತು. ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದಾಗ ಕಂಡದ್ದು ಎಷ್ಟು ಚೆಂದ ಇತ್ತೆಂದರೆ ಅವಳು ಒಂದು ಕ್ಷಣ ತನ್ನ ತಪ್ಪನ್ನೇ ಮರೆತಳು. ನಡುವೆ ಚೌಕಳಿಯ ಹಳೆಯ ಹರಳು, ಅದರ ಸುತ್ತ ಸಕ್ಕರೆಯಂಥ ಹೊಸ ಹರಳುಗಳ ಅಂಚು, ಆ ಅಂಚು ಎರಡೂ ಕಡೆ ಬಾಲವಾಗಿ ಹರಿದಿತ್ತು. ಬಹಳ ಉದ್ದವಲ್ಲ, ಇಲ್ಲವೇ ಇಲ್ಲ ಎನ್ನುವಂತೆಯೂ ಅಲ್ಲ. ಸರಿಯಾಗಿ ಅರ್ಧ. ಮಾವ ಮೂವತ್ತು ವರ್ಷ ಇದೆ ಇದೆ ಎಂದು ಹೇಳಿಕೊಂಡು ಬಂದ ಕಲ್ಲು.

ಹೇಳಿದರೆ ಮಾವ ಗೆಲ್ಲುತ್ತಾರೆ. ಗೆದ್ದರೆ ಪಾಂಡುರಂಗರ ಮನೆಗೆ ಯಾವ ಮುಖ ಇಟ್ಟುಕೊಂಡು ಹೋಗುತ್ತಾರೆ? ಹೇಳದಿದ್ದರೆ ಮಾವ ಇವತ್ತು ಮೂರು ಗಂಟೆಗೆ ವಡೋದರಾದ ಸಭೆಯಲ್ಲಿ ಎಲ್ಲರ ಮುಂದೆ ನಿಂತು, ಸರಿಯಾಗಿ ಕಂಡಿದ್ದನ್ನು ತಪ್ಪಾಗಿ ಕಂಡೆ ಎಂದು ತಲೆ ತಗ್ಗಿಸುತ್ತಾರೆ, ಅವಳು ಆ ಹುಡುಗಿಯ ಒಂದು ಮಾತಿಗೆ ಮುಖ ಸಣ್ಣ ಮಾಡಿಕೊಂಡದ್ದಕ್ಕಾಗಿ. ಆಣಂದ್ ಬಂತು. ಚಹಾದವನು ಬಂದ. ಮಾವ ಎರಡು ಕಪ್ಪು ತೆಗೆದುಕೊಂಡು ಅವಳದನ್ನು ಆರಲೆಂದು ತಾವೇ ಹಿಡಿದುಕೊಂಡು ಕೂತರು.

"ಮಾವ, ಅಲ್ಲಿ ಏನಂತ ಹೇಳ್ತೀರಿ?"

"ಏನಂತ? ತಪ್ಪಾಯ್ತು ಅಂತ. ಕಲ್ಲಿನ ವಿಷಯದಲ್ಲಿ ತಪ್ಪಾಯ್ತು ಅಂದ್ರೆ ಉಳಿದಿದ್ದೂ ಅದರಲ್ಲೇ ಬಂತಲ್ಲ. ಬೇರೆ ಬಾಯಿಬಿಟ್ಟು ಹೇಳೋ ಕಷ್ಟ ಇಲ್ಲ." ಕಪ್ಪನ್ನು ಅವಳ ಕೈಗೆ ಕೊಟ್ಟರು. "ನಿನ್ನ ಹದಿನಾಲ್ಕು ನನ್ನ ಮರ್ಯಾದೆ ಉಳಿಸ್ತು ನೋಡು."

ಮಹಿ ನದಿಯ ಸೇತುವೆಯ ಮೇಲೆ ರೈಲಿನ ಸದ್ದು ಬದಲಾಯಿತು. ವಡೋದರಾದಲ್ಲಿ ಇಳಿಯುವಾಗ ಅವಳಿಗೆ ಒಂದು ಆಸೆ ಬಂತು, ಇಳಿಯದೆ ಹಾಗೇ ಕೂತುಬಿಡುವುದು. ಇದೇ ರೈಲು ಸೂರತ್ತಿಗೆ ಹೋಗುತ್ತದೆ. ಅದರಾಚೆ ಉಧ್ನಾದಲ್ಲಿ ಅಣ್ಣ ಅನಿರುದ್ಧ ಬಟ್ಟೆ ಕಾರ್ಖಾನೆಯ ಆಫೀಸಿನಲ್ಲಿದ್ದಾನೆ, ಯಾಕೆ ಬಂದೆ ಎಂದು ಕೇಳದೆ ಮೊದಲು ಊಟ ಹಾಕುವವನು. ಆದರೆ ಡಬ್ಬಿ ಅವಳ ಕೈಯಲ್ಲಿತ್ತು. ಮಾವ ಮೊದಲು ಇಳಿದು, ಮಂಡಿ ಹಿಡಿದುಕೊಂಡೇ ತಿರುಗಿ, ಡಬ್ಬಿಗಲ್ಲ, ಅವಳಿಗೆ ಕೈ ಚಾಚಿದರು.

ಪಾಂಡುರಂಗರಾವ್ ಸ್ಟೇಷನ್ನಿಗೆ ಬಂದಿರಲಿಲ್ಲ. ಮನೆಯ ಬಾಗಿಲಲ್ಲಿ, ಸೊಂಟಕ್ಕೆ ಟವಲು ಸಿಕ್ಕಿಸಿಕೊಂಡು, ಕೈಗೆ ಜೋಳದ ಹಿಟ್ಟು ಮೆತ್ತಿಕೊಂಡು ನಿಂತಿದ್ದರು. ತೆಳ್ಳಗೆ, ಉದ್ದ, ಮೂಗಿನ ಮೇಲೆ ಜಾರಿದ ಕನ್ನಡಕ. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇರುವವರು ಎಂದು ಅತ್ತೆ ಹೇಳಿದ್ದರು. ಮಾವನ ತಲೆ ನೋಡಿ ಅವರೇ ಮೊದಲು ಬಾಯಿ ಬಿಟ್ಟರು.

"ಏನೋ, ತಲಿ ಎಲ್ಲಾ ಬೆಳ್ಳಗ ಮಾಡ್ಕೊಂಡಿ?"

"ನಿಂದು ಬೆಳ್ಳಗಾಗೋಕೆ ಉಳಿದಿಲ್ವಲ್ಲೋ."

"ಬಾ ಬಾ. ಹೊಟ್ಟಿ ನೋಡು, ಹಳ್ಳ ಹತ್ತಿ ಇಳದದ್ದೆಲ್ಲಾ ದಂಡ." ಆಮೇಲೆ ಗೌತಮಿಯ ಕಡೆ ತಿರುಗಿ ದನಿ ಮೆತ್ತಗೆ ಮಾಡಿದರು. "ಬಾ ಯವ್ವಾ. ಕಲ್ಲು ಕೊಯ್ಯಾಕಿ ನೀನ ಏನು? ನಿನ್ನ ಗಾಜು ನೋಡೀನಿ, ಯೂನಿವರ್ಸಿಟಿಗೆ ಕಳಸ್ತಿದ್ದಿರಲ್ಲ. ಯಾರ್ದೋ ಭಾಳ ಛಲೋ ಕೈ ಅನ್ಕೊಂಡಿದ್ದೆ."

ಅವಳು ಡಬ್ಬಿಯನ್ನು ಎದೆಗೆ ಒತ್ತಿಕೊಂಡಳು. ಛಲೋ ಕೈ. ಆ ಮಾತನ್ನು ಬೇರೆ ಯಾವ ದಿನ ಯಾರು ಹೇಳಿದ್ದರೂ ಒಂದು ವರ್ಷ ಇಟ್ಟುಕೊಳ್ಳುತ್ತಿದ್ದಳು.

ಅಡಿಗೆಮನೆಯಲ್ಲೇ ಸಣ್ಣ ಮೇಜು. ಇಬ್ಬರೂ ಅಲ್ಲೇ ಕೂತು, ಡೇರೆ ಹಾರಿಹೋದ ರಾತ್ರಿಯದೋ, ಜೀಪಿನ ಡ್ರೈವರ್ ಕಲ್ಲುಗಳ ಚೀಲವನ್ನು ಭಾರವೆಂದು ದಾರಿಯಲ್ಲಿ ಸುರಿದು ಬಂದದ್ದೋ ಹೇಳಿಕೊಂಡು ನಗುತ್ತಿದ್ದರು. ನಗುವಿನ ನಡುವೆ ಮಾತು ಒಂದು ಕಡೆ ಬಂದು ನಿಲ್ಲುತ್ತಿತ್ತು, ಮತ್ತೆ ಬಳಸಿಕೊಂಡು ಬೇರೆ ಕಡೆ ಹೋಗುತ್ತಿತ್ತು. ಗೌತಮಿಗೆ ಅದು ಕೇಳಿಸುತ್ತಿತ್ತು. ಮಾವ ನಕ್ಕ ಪ್ರತಿ ಸಲವೂ ಪಾಂಡುರಂಗರು ಅವರನ್ನು ಕನ್ನಡಕದ ಮೇಲಿಂದ ಒಮ್ಮೆ ನೋಡುತ್ತಿದ್ದರು, ಏನನ್ನೋ ಕಾಯುವವರ ಹಾಗೆ. ಹಂಚಿನ ಮೇಲೆ ಜೋಳದ ಭಕ್ಕರಿ ಉಬ್ಬಿತು, ಪಕ್ಕದ ಬಾಣಲೆಯಲ್ಲಿ ಕಡಲೆಹಿಟ್ಟಿನ ಝುಣಕ ಕುದಿಯುತ್ತಿತ್ತು. "ಯವ್ವಾ, ಆ ಸೌತಿಕಾಯಿ ಎರಡು ಹೆಚ್ಚತೀ ಏನು? ಝುಣಕದ ಕೂಡ ಛಂದ ಆಗ್ತದ," ಎಂದರು.

ಅವಳು ಚಾಕು ತೆಗೆದುಕೊಂಡಳು. ಮೊದಲನೆಯ ಸೌತೆಕಾಯಿಯನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದಳು. ಎಲ್ಲವೂ ದುಂಡಗೆ, ಬೀಜಗಳು ನಡುವೆ ಮೂರು ಮೂರಾಗಿ. ಎರಡನೆಯದನ್ನು ಹಲಗೆಯ ಮೇಲೆ ಇಟ್ಟು ಚಾಕು ಅಡ್ಡ ಹಿಡಿದಳು. ಕೈ ನಿಂತಿತು. ಸೌತೆಕಾಯಿಯನ್ನು ತಿರುಗಿಸಿದಳು. ತುದಿಯಿಂದ ತುದಿಗೆ ಸೀಳಿದಳು. ಬೀಜಗಳು ಉದ್ದಕ್ಕೂ ಸಾಲುಗಟ್ಟಿ ಹೊರಗೆ ಬಂದವು. ತಟ್ಟೆಯಲ್ಲಿ ಒಂದು ಕಡೆ ಬಿಲ್ಲೆ, ಒಂದು ಕಡೆ ಸೀಳು ಇಟ್ಟು, ತಟ್ಟೆಯನ್ನು ಮಾವನ ಮುಂದೆ ಇಟ್ಟಳು. ತಾನು ಇನ್ನೂ ಏನೂ ಹೇಳಿಲ್ಲ, ಈಗಲೂ ಉಪ್ಪು ಬೇಕಾ ಎಂದು ಕೇಳಿ ತಪ್ಪಿಸಿಕೊಳ್ಳಬಹುದು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಮಾವ."

"ಹ್ಞೂಂ."

"ಹದಿನಾಲ್ಕನ್ನ ನಾನು ಹೀಗೆ ಕೊಯ್ದಿದ್ದೀನಿ." ಬಿಲ್ಲೆಯನ್ನು ಮುಟ್ಟಿದಳು. "ಹೀಗೆ ಕೊಯ್ಯಬೇಕಿತ್ತು." ಸೀಳನ್ನು ಮುಟ್ಟಿದಳು. "ಬಾಣ ನೋಡಲಿಲ್ಲ. ಆ ಕಾಲೇಜಿನವರು ಬಂದ ದಿನ."

ಹಂಚಿನ ಮೇಲಿನ ಭಕ್ಕರಿ ಸೀಯತೊಡಗಿತು. ಪಾಂಡುರಂಗರೇ ಒಲೆ ಆರಿಸಿದರು. ಅವಳು ಕೈಚೀಲದಿಂದ ಕರವಸ್ತ್ರ ತೆಗೆದು ಬಿಚ್ಚಿದಳು. ಮಾವ ಗಾಜನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು, ಕಣ್ಣು ಕಿರಿದು ಮಾಡಿದರು. ಬರಿಗಣ್ಣಿಗೆ ಏನು ಕಾಣುತ್ತದೆ? ಪಾಂಡುರಂಗರು ಹೊರಕೋಣೆಗೆ ಹೋದರು. ಅಲ್ಲಿ ಮೂಲೆಯಲ್ಲಿ ದಿಂಬಿನ ಚೀಲ ಹೊದ್ದುಕೊಂಡು ಒಂದು ಹಳೆಯ ಸೂಕ್ಷ್ಮದರ್ಶಕ ಕೂತಿತ್ತು. ಚೀಲ ತೆಗೆದು, ದೀಪ ಹಚ್ಚಿ, "ಬಾ," ಎಂದರು.

ಮಾವ ಬಹಳ ಹೊತ್ತು ನೋಡಿದರು. ಗಾಜನ್ನು ತಿರುಗಿಸಿದರು. ಮತ್ತೆ ನೋಡಿದರು. ಗೌತಮಿಗೆ ಕಾಣುತ್ತಿದ್ದುದು ಅವರ ಕುತ್ತಿಗೆಯ ಹಿಂಭಾಗ, ಹೊಸ ಶರ್ಟಿನ ಕಾಲರು ಒತ್ತಿದ ಕೆಂಪು ಗೆರೆ. ಆಮೇಲೆ ಅವರು ತೊಡೆಗೆ ರಪ್ಪನೆ ಹೊಡೆದುಕೊಂಡರು. "ಅರ್ಧ! ಅರ್ಧ ಬಾಲ! ನಾನು ಹೇಳಿರಲಿಲ್ವಾ? ನೋಡೋ ಪಾಂಡೂ, ಚೌಕಳಿ ಒಳಗೆ, ಬಾಲ ಹೊರಗೆ..." ಎಂದು ತಿರುಗಿದವರು ಪಾಂಡುರಂಗರ ಮುಖ ನೋಡಿದರು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಯಾರೋ ಹೇಳಿ ಕರೆಸಿ ಬಾಗಿಲಲ್ಲೇ ನಿಲ್ಲಿಸಿದರೆ ಆಗುವಂಥ ಮುಖ. ಮಾವನ ನಗು ಒಂದೇ ಸಲಕ್ಕೆ ಹೋಗಲಿಲ್ಲ. ಅಂಚಿನಿಂದ ಸ್ವಲ್ಪ ಸ್ವಲ್ಪವಾಗಿ ಉದುರಿತು.

"ನೋಡು," ಎಂದು ಪಕ್ಕಕ್ಕೆ ಸರಿದರು.

ಪಾಂಡುರಂಗರು ಕನ್ನಡಕ ಹಣೆಗೇರಿಸಿ ಬಗ್ಗಿದರು. "ಹೌದು," ಎಂದರು ಕೊನೆಗೆ. "ಬಾಲ ಅದಾವ. ಅಲ್ಲಗಳಿಯೂ ಹಂಗಿಲ್ಲ." ನೆಟ್ಟಗಾಗಿ ಗೌತಮಿಯ ಕಡೆ ನೋಡಿದರು. "ಹತ್ತೊಂಬತ್ತು ವರ್ಷಕ್ಕ ಒಮ್ಮೆ ಗೆದ್ದಿದ್ದೆ ಯವ್ವಾ. ಒಂದು ಹದಿನೈದು ದಿನಾನೂ ಇರಗೊಡಲಿಲ್ಲಲಾ."

"ತಪ್ಪಾಯ್ತು ಸರ್."

"ಅಳಬ್ಯಾಡ. ಇಲ್ಲೆ ಬಾಣಾ ಮರೀದವರು ಯಾರದಾರ? ಈ ನಿಮ್ಮ ಮಾವ ಒಮ್ಮೆ ಬಾಣಾನ ಉಲ್ಟಾ ಬರದಿದ್ದ. ಕೇಳು ಅವನ್ನ."

"ಯಾವತ್ತು ಗೊತ್ತಾಯ್ತು ನಿನಗೆ?" ಎಂದರು ಮಾವ. ಅವರ ದನಿ ಬಹಳ ಸಣ್ಣಗಿತ್ತು.

"ನೀವು ಫೋನ್ ಮಾಡಿದ ದಿನ. ಆಗಲೇ ಫೋನ್ ಮಾಡಿಬಿಟ್ಟಿದ್ರಿ." ಅಳು ತಡೆಯಲು ಹೋಗಿ ಮಾತು ಜೋರಾಗಿ ಬಂತು. "ಅವತ್ತು ನೀವು ನಕ್ಕಿದ್ರಿ ಮಾವ. ನಾನು ಹ್ಯಾಗೆ ಹೇಳಲಿ?"

ಮಾವ ಅವಳ ತಲೆಯ ಮೇಲೆ ಕೈ ಇಟ್ಟರು. ಆ ಕೈಗೆ ಇನ್ನೂ ಸಿಂಗಿನ ವಾಸನೆಯಿತ್ತು. ಇಟ್ಟ ಕೈಯನ್ನು ತೆಗೆಯದೆ, ಅವಳ ತಲೆಯ ಆಚೆ ನಿಂತಿದ್ದವರಿಗೆ ಹೇಳಿದರು: "ಪಾಂಡೂ, ಕಲ್ಲಿನ ಮಾತು ಬಿಡು. ಅವತ್ತು ನಾನು ಅಂದದ್ದು..."

"ಯಾವತ್ತು?"

"ನಿನಗೆ ಗೊತ್ತು."

"ಗೊತ್ತದ." ಪಾಂಡುರಂಗರು ಟವಲಿನಿಂದ ಕೈ ಒರೆಸಿಕೊಂಡರು, ಒಂದೊಂದೇ ಬೆರಳು. "ಆದ್ರ ಇಲ್ಲೆ ಹೇಳಬ್ಯಾಡ. ಅವತ್ತು ನೀ ಅಡಿಗಿಮನ್ಯಾಗ ಅಂದಿದ್ದಿಲ್ಲ." ಟವಲನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಈಗ ಉಣ್ಣು. ಭಕ್ಕರಿ ಆರ್ತಾವ."

ಅವರು ಉಂಡರು. ಮಾವ ದುಂಡು ಹೋಳುಗಳನ್ನೂ ಸೀಳುಗಳನ್ನೂ ಯಾವುದು ಯಾವುದೆಂದು ನೋಡದೆ ತಿನ್ನುತ್ತಿದ್ದರು. ಪಾಂಡುರಂಗರು ಅವರ ತಟ್ಟೆಗೆ ಕೇಳದೆಯೇ ಎರಡನೆಯ ಭಕ್ಕರಿ ಹಾಕಿ, ಅದರ ಮೇಲೆ ತುಪ್ಪ ಬಿಟ್ಟರು, ಅಂಚಿನವರೆಗೂ.

ಸಭೆಯೆಂದರೆ ದೊಡ್ಡದೇನಲ್ಲ. ಒಂದು ಪಾಠದ ಕೋಣೆ, ಮೂವತ್ತು ವಿದ್ಯಾರ್ಥಿಗಳು, ನಾಲ್ಕು ಫ್ಯಾನು, ಮುಂದಿನ ಸಾಲಿನಲ್ಲಿ ನಿವೃತ್ತರಾದ ಕೆಲವರು. ಅವತ್ತು ನಕ್ಕವರಲ್ಲಿ ಒಬ್ಬರು ಈಗ ಅಲ್ಲೇ ಮೇಷ್ಟ್ರು, ಅವರೇ ಮಾವನಿಗೆ ಹೂಗುಚ್ಛ ಕೊಟ್ಟರು. ಗೌತಮಿ ಹಿಂದಿನ ಬೆಂಚಿನಲ್ಲಿ ಗೋಡೆಗೆ ಒತ್ತಿ ಕೂತಳು. ಗೋಡೆಯ ಮೇಲೆ, ಅಲ್ಲಿನ ಸೂಕ್ಷ್ಮದರ್ಶಕದಲ್ಲಿ ಆಗಷ್ಟೇ ತೆಗೆದ ಹದಿನಾಲ್ಕರ ಎರಡು ಚಿತ್ರಗಳು ಬಿದ್ದವು, ಅಡ್ಡದ್ದು ಮತ್ತು ಉದ್ದದ್ದು, ಮನುಷ್ಯನಿಗಿಂತ ದೊಡ್ಡವಾಗಿ. ಮಾವ ಇಂಗ್ಲಿಷಿನಲ್ಲಿ ಹೇಳುತ್ತಿದ್ದುದರಲ್ಲಿ ಅವಳಿಗೆ ಅರ್ಧ ತಿಳಿಯುತ್ತಿತ್ತು. ಉಳಿದರ್ಧ ಗೋಡೆಯ ಮೇಲೆ ಕಾಣುತ್ತಿತ್ತು. ಕಲ್ಲು ಕರಗುವುದಿಲ್ಲ, ಒಡೆದೂ ಹೋಗುವುದಿಲ್ಲ. ಗಟ್ಟಿಯಾಗಿದ್ದುಕೊಂಡೇ ಅದರ ಅಂಚು ನುಚ್ಚಾಗುತ್ತದೆ, ನುಚ್ಚು ಹೊಸ ಹರಳಾಗುತ್ತದೆ. ಎಲ್ಲೋ ಮೊದಲ ಸಾಲಿನಲ್ಲಿ ಯಾರೋ ಹೌದು ಹೌದು ಎಂದು ತಲೆಯಾಡಿಸಿದರು. ಮಾವನೇ ಸರಿ. ಎಲ್ಲರಿಗೂ ಕಾಣುತ್ತಿತ್ತು. ಪಾಂಡುರಂಗರ ಬೋಳು ತಲೆ ಮುಂದೆ ಅಲ್ಲಾಡದೆ ಇತ್ತು.

ಆಮೇಲೆ ಮಾವ ಚಿತ್ರಗಳ ದೀಪ ಆರಿಸಿದರು. ಇನ್ನೊಂದು ಮಾತು ಇದೆ ಎಂದರು. ಇದೇ ಕೋಣೆಯಲ್ಲಿ, ಹತ್ತೊಂಬತ್ತು ವರ್ಷದ ಕೆಳಗೆ, ಎಂದರು. ಅಲ್ಲಿಗೆ ದನಿ ನಿಂತಿತು.

ಜನ ಕಾದರು. ಮಾವನ ಬಾಯಿ ಸ್ವಲ್ಪ ತೆರೆದಿತ್ತು. ಎರಡೂ ಕೈ ಮೇಜಿನ ಅಂಚು ಹಿಡಿದಿದ್ದವು. ಒಬ್ಬ ಹುಡುಗ ಫೋನಿನಿಂದ ತಲೆ ಎತ್ತಿದ. ಯಾರೋ ಒಬ್ಬರು ಕೆಮ್ಮಿದರು. ಆ ಕೆಮ್ಮು ಗೌತಮಿ ಕೇಳಿ ಬಲ್ಲ ಕೆಮ್ಮು. ಅಕ್ಷರಗಳು ಕಾಣುತ್ತವೆ, ದನಿ ಬರುವುದಿಲ್ಲ. ಅವಳಿಗೆ ಎದ್ದು ಓಡಬೇಕೆನಿಸಿತು, ನೆಲ ನೋಡಬೇಕೆನಿಸಿತು, ಆ ದಿನ ತರಗತಿಯಲ್ಲಿ ನಗದವರೆಲ್ಲ ನೆಲ ನೋಡಿದ್ದರು. ನಕ್ಕವರಿಗಿಂತ ಅವರೇ ಅವಳಿಗೆ ಹೆಚ್ಚು ನೆನಪಿದ್ದರು. ಅವಳು ನೆಲ ನೋಡಲಿಲ್ಲ. ಡಬ್ಬಿಯನ್ನು ಬೆಂಚಿನ ಮೇಲಿಟ್ಟು, ಬೆನ್ನು ಗೋಡೆಯಿಂದ ಬಿಡಿಸಿ, ಕತ್ತು ನೆಟ್ಟಗೆ ಮಾಡಿ ಮಾವನನ್ನೇ ನೋಡಿದಳು. ಮಾವನ ಕಣ್ಣು ಸಾಲುಗಳ ಮೇಲೆ ಅಲೆದು ಅಲೆದು ಬಂದು ಅವಳ ಮೇಲೆ ನಿಂತಿತು. ಅವಳು ರೆಪ್ಪೆ ಹಾಕಲಿಲ್ಲ.

"ಪಾಂಡೂ," ಎಂದರು ಮಾವ. ಅದೊಂದು ಕನ್ನಡದಲ್ಲಿ ಬಂತು. ಉಳಿದದ್ದನ್ನು ಎಲ್ಲರಿಗೂ ತಿಳಿಯುವ ಇಂಗ್ಲಿಷಿನಲ್ಲಿ, ನಿಧಾನವಾಗಿ, ಅವತ್ತು ಆಡಿದ ಮಾತನ್ನು ಒಂದಕ್ಷರ ಬಿಡದೆ ಆಡಿ ತೋರಿಸಿ, ಅದು ಸುಳ್ಳಾಗಿತ್ತು, ಸುಳ್ಳೆಂದು ಗೊತ್ತಿದ್ದೇ ಹೇಳಿದ್ದೆ ಎಂದರು. ಕಲ್ಲಿಗೂ ಅದಕ್ಕೂ ಸಂಬಂಧವಿಲ್ಲ ಎಂದರು. ಹೂಗುಚ್ಛ ಕೊಟ್ಟವರು ತಮ್ಮ ಬೂಟು ನೋಡಿಕೊಂಡರು. ಮುಗಿಸಿದ ಮೇಲೂ ಮಾವ ನಿಂತೇ ಇದ್ದರು. ಮುಂದೇನು ಮಾಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ, ಮೇಜು ಬಿಟ್ಟರೆ ಬಿದ್ದುಹೋಗುವವರ ಹಾಗೆ ಹಿಡಿದುಕೊಂಡಿದ್ದರು. ಫ್ಯಾನುಗಳು ತಿರುಗುತ್ತಿದ್ದವು.

ಪಾಂಡುರಂಗರು ಕನ್ನಡಕ ತೆಗೆದು ಮಡಿಸಿ ಜೇಬಿಗೆ ಹಾಕಿಕೊಂಡರು. ತಮ್ಮ ಪಕ್ಕದ ಕುರ್ಚಿಯ ಮೇಲಿದ್ದ ಹೂಗುಚ್ಛವನ್ನು ಎತ್ತಿ ಕೆಳಗಿಟ್ಟು, ಖಾಲಿಯಾದ ಕುರ್ಚಿಯನ್ನು ಅಂಗೈಯಿಂದ ಎರಡು ಸಲ ತಟ್ಟಿದರು.

"ಆತಲ್ಲೋ," ಎಂದರು. ಹಿಂದಿನ ಬೆಂಚಿಗೂ ಕೇಳಿಸಿತು. "ಬಾ. ಕೂತ್ಕೋ."